ಹಜಾರ್ಡ್ ರೇಶಿಯೋ 0.30 ಎಂದರೆ ಏನಲ್ಲ: ಸೋಲೊ-1 ಟಿಪ್ಪಣಿ

ಸೋಲೊ-1 ಒಂದು ಕ್ಯಾನ್ಸರ್ ಔಷಧದ ಟ್ರಯಲ್. ಅದರ ಚೌಕಟ್ಟು ಮೊದಲು, ಬೇಗ ಮುಗಿಸಿಬಿಡೋಣ. ಮುಂದುವರಿದ ಹಂತದ ಅಂಡಾಶಯದ ಕ್ಯಾನ್ಸರ್, ಬಿಆರ್‌ಸಿಎ ಎಂಬ ಜೀನ್‌ನಲ್ಲಿ ಮ್ಯುಟೇಶನ್ (ಬದಲಾವಣೆ) ಇದೆ, ಪ್ಲಾಟಿನಂ ಕೀಮೋಗೆ ಗಡ್ಡೆ ಪೂರ್ತಿ ಅಥವಾ ಭಾಗಶಃ ಕರಗಿದೆ. ಇಂಥ 391 ಮಂದಿಯಲ್ಲಿ 260 ಮಂದಿಗೆ ಒಲಾಪರಿಬ್ (ಪಾರ್ಪ್ ಎಂಬ ಕಿಣ್ವವನ್ನು ತಡೆಯುವ ಔಷಧ), 131 ಮಂದಿಗೆ ಪ್ಲಾಸಿಬೊ, ಅಂದರೆ ಔಷಧವಿಲ್ಲದ ಹುಸಿ ಮಾತ್ರೆ. ಮಾತ್ರೆ ಸಾಮಾನ್ಯವಾಗಿ 2 ವರ್ಷ. 2018ರಲ್ಲಿ ಬಂದ ಫಲಿತಾಂಶ: 3 ವರ್ಷಕ್ಕೆ ರೋಗ ಮುಂದುವರಿಯದೆ ಬದುಕಿದ್ದವರು ಒಲಾಪರಿಬ್ ಗುಂಪಿನಲ್ಲಿ 60%, ಪ್ಲಾಸಿಬೊದಲ್ಲಿ 27%. ಹಜಾರ್ಡ್ ರೇಶಿಯೋ 0.30.

ಎಡವುವುದು ಇಲ್ಲೇ. 0.30 ಎಂದ ಕೂಡಲೇ "ಹಾಗಾದರೆ 70% ಮಂದಿಗೆ ರೋಗ ಮರಳಲಿಲ್ಲ" ಎಂದು ಬರೆಯುವವರಿದ್ದಾರೆ. ತಪ್ಪು. "ಮರುಕಳಿಸಿದವರ ಸಂಖ್ಯೆ 70% ಇಳಿಯಿತು" ಎನ್ನುವುದು ಸ್ವಲ್ಪ ಜಾಣತನದ ತಪ್ಪು, ಆದರೂ ತಪ್ಪೇ.

ಹಜಾರ್ಡ್ ಎಂದರೆ ಈ ಕ್ಷಣದವರೆಗೆ ಏನೂ ಆಗದೆ ಉಳಿದವರಲ್ಲಿ, ಮುಂದಿನ ಚಿಕ್ಕ ಅವಧಿಯಲ್ಲಿ ರೋಗ ಮರಳುವ (ಅಥವಾ ಸಾವು ಬರುವ) ವೇಗ. ಹಜಾರ್ಡ್ ರೇಶಿಯೋ ಎಂದರೆ ಔಷಧದ ಗುಂಪಿನ ಈ ವೇಗಕ್ಕೂ ಪ್ಲಾಸಿಬೊ ಗುಂಪಿನ ವೇಗಕ್ಕೂ ಇರುವ ಅನುಪಾತ. ಛೇದದಲ್ಲಿ ಕೂರುವವರು *ಉಳಿದವರು ಮಾತ್ರ*, ಶುರುವಿನಲ್ಲಿದ್ದ ಎಲ್ಲರೂ ಅಲ್ಲ. ಈ ಒಂದು ಮಾತು ಬಿಟ್ಟುಹೋದರೆ ಮುಂದಿನದೆಲ್ಲ ಗೋಜಲು.

ಲೆಕ್ಕ ಮಾಡಿ ನೋಡಿ. ಎರಡು ಗುಂಪು, ತಲಾ 100 ಮಂದಿ. ಪ್ಲಾಸಿಬೊದಲ್ಲಿ ತಿಂಗಳಿಗೆ ಉಳಿದವರಲ್ಲಿ 10%, ಔಷಧದಲ್ಲಿ 3% ಮಂದಿಗೆ ರೋಗ ಮರಳುತ್ತದೆ ಎಂದಿಟ್ಟುಕೊಳ್ಳಿ. ಮೊದಲ ತಿಂಗಳು 10ಕ್ಕೆ 3, ಅನುಪಾತ 0.30. ಎರಡನೇ ತಿಂಗಳು ಪ್ಲಾಸಿಬೊದಲ್ಲಿ ಉಳಿದಿರುವುದು 90, ಅದರ 10% ಎಂದರೆ 9. ಹೀಗೆ 12 ತಿಂಗಳು ನಡೆಸಿದರೆ ಪ್ಲಾಸಿಬೊದಲ್ಲಿ ಒಟ್ಟು 72 ಮಂದಿಗೆ, ಔಷಧದಲ್ಲಿ 31 ಮಂದಿಗೆ ಮರಳಿರುತ್ತದೆ. 72ಕ್ಕೆ 31 ಎಂದರೆ 0.43. ತಿಂಗಳ ವೇಗದ ಅನುಪಾತ ಕದಲಲಿಲ್ಲ, ಒಟ್ಟು ಸಂಖ್ಯೆಯ ಅನುಪಾತ ಮಾತ್ರ ಜಾರಿತು. ಇನ್ನಷ್ಟು ಕಾಲ ಬಿಟ್ಟರೆ ಅದು 1ರ ಕಡೆಗೆ ಹೋಗುತ್ತಲೇ ಇರುತ್ತದೆ.

ಇಲ್ಲಿಂದ ನನಗೆ ಅತಿ ಇಷ್ಟದ ಅಡ್ಡದಾರಿ: ಪ್ಲಾಸಿಬೊದಲ್ಲಿ ಉಳಿದವರ ಪಾಲಿಗೆ ಹಜಾರ್ಡ್ ರೇಶಿಯೋವನ್ನು ಘಾತವಾಗಿ ಹಾಕಿದರೆ ಔಷಧದ ಗುಂಪಿನ ಪಾಲು ಸಿಗಬೇಕು. ಕ್ಯಾಲ್ಕುಲೇಟರಿನಲ್ಲಿ 0.27ರ ಘಾತ 0.30 ಒತ್ತಿ: 0.675. ನಿಜವಾಗಿ ಬಂದದ್ದು 0.60. ಲೆಕ್ಕ ತಪ್ಪಿದ್ದಲ್ಲ. ಈ ಸೂತ್ರ ಅನುಪಾತ ಎಲ್ಲ ಕಾಲಕ್ಕೂ ಒಂದೇ ಎಂದು ನಂಬುತ್ತದೆ, ಪ್ರಕಟವಾದ 0.30 ಇಡೀ ಅವಧಿಯ ಒಂದು ಸರಾಸರಿ. 2 ವರ್ಷಕ್ಕೆ ಮಾತ್ರೆ ನಿಂತ ಮೇಲೂ ಅದೇ ಅನುಪಾತ ಇರಲೇಬೇಕೆಂದೇನಿಲ್ಲ. ಹೊಂದಾಣಿಕೆ ಕೆಟ್ಟ ಕಡೆ, ಕಾಲ ಕಳೆದಂತೆ ಎಷ್ಟು ಮಂದಿ ಉಳಿದರು ಎಂದು ತೋರಿಸುವ ರೇಖೆಗಳನ್ನೇ ನೋಡಬೇಕು.

ಅದೇ ಟ್ರಯಲ್‌ನ 7 ವರ್ಷದ ಬದುಕುಳಿವಿನ ಅಂಕಿ ಹಾಕಿ ನೋಡಿ: ಒಲಾಪರಿಬ್ 67.0%, ಪ್ಲಾಸಿಬೊ 46.5%, ಸಾವಿನ ಹಜಾರ್ಡ್ ರೇಶಿಯೋ 0.55. 0.465ರ ಘಾತ 0.55 ಎಂದರೆ 0.656. ಹೆಚ್ಚುಕಡಿಮೆ ಕೂತೇಬಿಟ್ಟಿತು.

ಈ 7 ವರ್ಷದ ಫಲಿತಾಂಶದಲ್ಲಿ ಇನ್ನೊಂದು ಗುಂಡಿ ಇದೆ. ಪಿ ಮೌಲ್ಯ (ಔಷಧದಿಂದ ಏನೂ ವ್ಯತ್ಯಾಸವಿಲ್ಲದಿದ್ದರೂ ಇಷ್ಟು ಅಂತರ ಆಕಸ್ಮಿಕವಾಗಿ ಕಾಣುವ ಸಾಧ್ಯತೆ) 0.0004. ಆದರೂ "ಸಂಖ್ಯಾಶಾಸ್ತ್ರೀಯವಾಗಿ ಮಹತ್ವದ್ದು" ಎಂದು ಘೋಷಿಸಲಿಲ್ಲ! ಗೆರೆ 0.05 ಅಲ್ಲವೇ? ಅಲ್ಲ, ಇಲ್ಲಿ ಗೆರೆ 0.0001. ಇದು ಅಂತಿಮ ವಿಶ್ಲೇಷಣೆಗೆ ಮುಂಚಿನ ನೋಟ. ದತ್ತಾಂಶವನ್ನು ಪದೇಪದೇ ಇಣುಕಿದರೆ ಆಕಸ್ಮಿಕವಾಗಿ ಒಳ್ಳೆಯದು ಕಾಣುವ ಸಾಧ್ಯತೆ ಏರುತ್ತದೆ. ಆದ್ದರಿಂದ ಒಟ್ಟು ತಪ್ಪಿನ ಮಿತಿಯನ್ನು ಗಂಟಿನ ಹಣದಂತೆ ಹಂಚಿಡುತ್ತಾರೆ; ನಡುವಿನ ನೋಟಕ್ಕೆ ಚಿಲ್ಲರೆ, ಕೊನೆಗೆ ಹೆಚ್ಚಿನ ಪಾಲು. ಪಿ ಮೌಲ್ಯ ಓದುವ ಮುಂಚೆ ಗೆರೆ ಎಲ್ಲಿ ಎಳೆದಿದ್ದಾರೆ ಎಂದು ಹುಡುಕಿ.

ಪ್ಲಾಸಿಬೊ ಗುಂಪಿನ 44.3% ಮಂದಿ ಮುಂದಿನ ಚಿಕಿತ್ಸೆಯಲ್ಲಿ ಪಾರ್ಪ್ ತಡೆ ಔಷಧ ಪಡೆದಿದ್ದರು ಎಂಬುದನ್ನೂ ಪಕ್ಕದಲ್ಲಿಟ್ಟುಕೊಳ್ಳಿ. ಹೀಗಾದಾಗ ಬದುಕುಳಿವಿನ ಅಂತರ ಕುಗ್ಗುವುದು ಸಹಜ. ಆದರೆ ಅಂತರ ಕುಗ್ಗಿದ್ದಕ್ಕೆಲ್ಲ ಇದೇ ಕಾರಣ ಎಂದು ಹಚ್ಚಬಾರದು. ಸ್ತನ ಕ್ಯಾನ್ಸರಿನ ಪಾಲೋಮಾ-2 ಟ್ರಯಲ್‌ನಲ್ಲಿ ಪಾಲ್ಬೊಸಿಕ್ಲಿಬ್ ಎಂಬ ಔಷಧ ರೋಗ ಮುಂದುವರಿಯುವುದನ್ನು 14.5ರಿಂದ 24.8 ತಿಂಗಳಿಗೆ ತಳ್ಳಿತು. ಒಟ್ಟು ಬದುಕುಳಿವು ಮಾತ್ರ 51.2ಕ್ಕೆ 53.9 ತಿಂಗಳು, ಮಹತ್ವದ ವ್ಯತ್ಯಾಸವಿಲ್ಲ; ಏಕೆ ಎಂದು ಈ ಅಂಕಿಗಳಷ್ಟರಿಂದ ಹೇಳಲಾಗದು.

ಡೋಸ್ ಬಗ್ಗೆ ಒಂದೇ ಎಚ್ಚರ. ಒಲಾಪರಿಬ್ ಮಾತ್ರೆ 300 ಮಿಗ್ರಾಂ ದಿನಕ್ಕೆ ಎರಡು ಸಲ, ಅಂದರೆ ಪ್ರತಿ ಸಲ 150ರ ಎರಡು. ರಕ್ತಹೀನತೆಯಂಥ ತೊಂದರೆಯಾದರೆ 250ಕ್ಕೆ (150 ಮತ್ತು 100), ಆಮೇಲೆ 200ಕ್ಕೆ (100ರ ಎರಡು). ಹಳೆಯ ಟ್ರಯಲ್‌ಗಳಲ್ಲಿ ಕಾಣುವ 400 ಮಿಗ್ರಾಂ 50ರ ಕ್ಯಾಪ್ಸೂಲ್‌ಗಳದ್ದು, ಒಂದು ಸಲಕ್ಕೆ ಎಂಟು. ದೇಹ ಹೀರಿಕೊಳ್ಳುವ ಪ್ರಮಾಣ ಬೇರೆ, ಮಿಗ್ರಾಂಗೆ ಮಿಗ್ರಾಂ ಬದಲಾಯಿಸುವಂತಿಲ್ಲ. ಎರಡು ಪೇಪರ್ ಹೋಲಿಸುವಾಗ 400 ಕಂಡು "ಹೆಚ್ಚಿನ ಡೋಸ್" ಎಂದು ಗುರುತು ಹಾಕಿಕೊಂಡಿದ್ದರೆ ಈಗಲೇ ಅಳಿಸಿ.