ವರ್ಷದ ಹಿಟ್ ಹಾಡು: ಎಣಿಸುವವರು ಯಾರು, ಎಣಿಕೆಗೆ ಸಿಗದವರು ಯಾರು?

ಡಿಸೆಂಬರ್ ಬಂತೆಂದರೆ ‘ಈ ವರ್ಷ ದೇಶವೇ ಕೇಳಿದ ಹಾಡುಗಳು’ ಎಂಬ ಪಟ್ಟಿಗಳು ಫೋನಿಗೆ ಬಂದು ಬೀಳುತ್ತವೆ. ಕೇರಳದ ಗಡಿಯ ಕಾಸರಗೋಡು ಸೀಮೆಯ ಮಂಜೇಶ್ವರ, ಕುಂಬಳೆ, ಬದಿಯಡ್ಕದ ಮದುವೆ ಹಾಲುಗಳಲ್ಲಿ ಮೊಳಗುವ ಕನ್ನಡ, ತುಳು ಹಾಡುಗಳು ಅವುಗಳಲ್ಲಿ ಕಾಣುವುದು ಅಪರೂಪ. ಕೇಳುವವರು ಕಡಿಮೆ ಎಂಬುದೊಂದೇ ಇದಕ್ಕೆ ಕಾರಣವಲ್ಲ. ಎಣಿಸುವ ಕ್ರಮವೇ ಮೊದಲಿನಿಂದ ಹಾಗಿದೆ.

1952ರಲ್ಲಿ ಬಿ.ವಿ. ಕೇಸ್ಕರ್ ವಾರ್ತಾ ಸಚಿವರಾದ ಮೇಲೆ ಆಕಾಶವಾಣಿಯಲ್ಲಿ ಸಿನಿಮಾ ಹಾಡಿಗೆ ಬಹುಮಟ್ಟಿಗೆ ಬಾಗಿಲು ಮುಚ್ಚಿತು. ಕೇಳುಗರು ರೇಡಿಯೊ ಸಿಲೋನಿನ ಶಾರ್ಟ್‌ವೇವ್‌ಗೆ ಮುಳ್ಳು ತಿರುಗಿಸಿದರು. ಅದೇ ಡಿಸೆಂಬರಿನಲ್ಲಿ ಅಲ್ಲಿ ನಿರೂಪಕ ಅಮೀನ್ ಸಯಾನಿಯವರ ಹಿಂದಿ ಸಿನಿಮಾ ಹಾಡುಗಳ ‘ಬಿನಾಕಾ ಗೀತ್‌ಮಾಲಾ’ ಶುರುವಾಯಿತು. ಮೊದಮೊದಲು ಏಳು ಹಾಡುಗಳ ಬಹುಮಾನದ ಕಾರ್ಯಕ್ರಮವಾಗಿದ್ದದ್ದು ಆಮೇಲೆ ಬುಧವಾರ ರಾತ್ರಿಯ ಜನಪ್ರಿಯತೆಯ ಪಟ್ಟಿಯಾಯಿತು.

ಪಟ್ಟಿಗೆ ಆಧಾರ ಗ್ರಾಮಫೋನ್ ಅಂಗಡಿಗಳ ಮಾರಾಟ. ನಿಮಿಷಕ್ಕೆ 78 ಸುತ್ತು ತಿರುಗುವ ಗ್ರಾಮಫೋನ್ ಪ್ಲೇಟಿನ ಒಂದು ಮಗ್ಗುಲಿಗೆ ಹಿಡಿಯುವುದು ಮೂರು ಚಿಲ್ಲರೆ ನಿಮಿಷ, ಅಂದರೆ ಒಂದೇ ಹಾಡು. ಹಾಗಾಗಿ ಯಾವ ಪ್ಲೇಟು ಖರ್ಚಾಯಿತೆಂದು ನೋಡಿದರೆ ಯಾವ ಹಾಡು ಓಡುತ್ತಿದೆಯೆಂದು ಹೆಚ್ಚುಕಮ್ಮಿ ತಿಳಿಯುತ್ತಿತ್ತು. ಲೆಕ್ಕ ತಪ್ಪುತ್ತಿದ್ದದ್ದು ಎರಡು ಕಡೆ. ಜೋರಾಗಿ ಓಡುವ ಹಾಡಿನ ಸ್ಟಾಕ್ ಮುಗಿದರೆ ಆ ವಾರ ಮಾರಾಟವೇ ಇಲ್ಲ, ಹಾಡು ಕೆಳಗಿಳಿಯಿತು. ಸಂಬಂಧಪಟ್ಟವರೇ ಕೊಂಡುಬಿಟ್ಟರೆ ಮೇಲೇರಿತು. ಅದಕ್ಕೇ ಶ್ರೋತೃ ಸಂಘಗಳ ಅಭಿಪ್ರಾಯವನ್ನೂ ಸೇರಿಸಿಕೊಂಡರು. ಏನೇ ಆದರೂ ಪಟ್ಟಿ ಹಿಂದಿಯದ್ದೇ. ಕಾಸರಗೋಡಿನಲ್ಲಿ ಮಾರಾಟವಾದ ಕನ್ನಡ ಪ್ಲೇಟಿಗೆ ಅದರಲ್ಲಿ ಜಾಗವಿರಲಿಲ್ಲ. 1956ರಲ್ಲಿ ತಾಲೂಕು ಕೇರಳಕ್ಕೆ ಸೇರಿತು. 1976ರಲ್ಲಿ ಮಂಗಳೂರು ಆಕಾಶವಾಣಿ ಬಂದು ಕನ್ನಡ ಹಾಡು ಹತ್ತಿರದಿಂದಲೇ ಕೇಳಿಸತೊಡಗಿದರೂ ಅದನ್ನು ಎಷ್ಟು ಜನ ಕೇಳಿದರೆಂದು ಎಣಿಸಿ ಪಟ್ಟಿ ಮಾಡುವ ಗೀತ್‌ಮಾಲಾ ಇಲ್ಲಿಗೆ ಇರಲಿಲ್ಲ.

ಕ್ಯಾಸೆಟ್ ಬಂದ ಮೇಲೆ ಇದ್ದ ಲೆಕ್ಕವೂ ಕಲಸಿಹೋಯಿತು. ಗಿರಾಕಿ ಕೊಳ್ಳುವುದು ಇಡೀ ಸಿನಿಮಾದ ಹಾಡುಗಳನ್ನು. ಅದರಲ್ಲಿ ಅವನಿಗೆ ಬೇಕಾದದ್ದು ಯಾವುದೆಂದು ಬಿಲ್ ಹೇಳುವುದಿಲ್ಲ. ನಿಜವಾದ ಹಿಟ್ ಪಟ್ಟಿ ಇದ್ದದ್ದು, ಬೇಕಾದ ಹಾಡುಗಳನ್ನು ಖಾಲಿ ಕ್ಯಾಸೆಟ್ಟಿಗೆ ತುಂಬಿಸಿಕೊಡುವ ರೆಕಾರ್ಡಿಂಗ್ ಅಂಗಡಿಗೆ ಜನ ಬರೆದು ಕೊಡುತ್ತಿದ್ದ ಚೀಟಿಗಳಲ್ಲಿ. ಖಾಲಿ ಸಿ-60 ಕ್ಯಾಸೆಟ್ಟಿನ ಒಂದು ಮಗ್ಗುಲಿಗೆ 30 ನಿಮಿಷ, ನಾಲ್ಕೂವರೆ ನಿಮಿಷದ ಹಾಡಾದರೆ ಆರು. ಏಳನೆಯದನ್ನು ತುರುಕಿದರೆ ನಡುವೆಯೇ ಟೇಪು ಮುಗಿಯುತ್ತಿತ್ತು. ಹಿಂದಿ, ಮಲಯಾಳ, ಕನ್ನಡ ಒಂದೇ ಚೀಟಿಯಲ್ಲಿರುತ್ತಿದ್ದವು. ಕಾನೂನಿಗೆ ವಿರುದ್ಧವಾದ ಕೆಲಸ, ಯಾರ ಲೆಕ್ಕದ ಪುಸ್ತಕಕ್ಕೂ ಏರಲಿಲ್ಲ.

ಈಗ ಎಣಿಕೆ ಯಂತ್ರದ್ದು. ಹಾಡು ಕೇಳುವ ಆ್ಯಪ್ ಸ್ಪಾಟಿಫೈನಲ್ಲಿ 30 ಸೆಕೆಂಡು ಕೇಳಿದರೆ ಒಂದು ಲೆಕ್ಕ. ಪ್ರತಿ ಧ್ವನಿಮುದ್ರಣಕ್ಕೂ ಐಎಸ್‌ಆರ್‌ಸಿ ಎಂಬ 12 ಅಕ್ಷರ-ಅಂಕಿಗಳ ಗುರುತು ಇರುತ್ತದೆ. ಸಣ್ಣ ಬ್ಯಾನರಿನವರು ಎಡವುವುದು ಇಲ್ಲೇ: ಹಾಡನ್ನು ಆ್ಯಪ್‌ಗಳಿಗೆ ತಲುಪಿಸುವ ವಿತರಕರನ್ನು ಬದಲಿಸಿ ಅದೇ ಹಾಡನ್ನು ಹೊಸ ಗುರುತಿನಲ್ಲಿ ಏರಿಸಿದರೆ ಹಳೆಯ ಎಣಿಕೆ ಅಲ್ಲೇ ಉಳಿದು ಹಾಡು ಸೊನ್ನೆಯಿಂದ ಶುರುವಾಗುತ್ತದೆ. ಹಳೆಯ ಗುರುತನ್ನೇ ಕೇಳಿ ಪಡೆದು ಹಾಕಬೇಕು. ದುಡ್ಡು ಸುರಿದು ಏರುವ ಹಳೆಯ ಚಾಳಿ ಇಲ್ಲೂ ತಪ್ಪಲಿಲ್ಲ. ಹಿಂದಿಯ ರ‍್ಯಾಪ್ ಹಾಡೊಂದು 24 ಗಂಟೆಯಲ್ಲಿ ಏಳು ಕೋಟಿ ವೀಕ್ಷಣೆ ದಾಟಿ ಗಲಾಟೆಯಾದ ಬಳಿಕ, 2019ರ ಸೆಪ್ಟೆಂಬರಿನಲ್ಲಿ ಯೂಟ್ಯೂಬ್ ಜಾಹೀರಾತಿನಿಂದ ಬಂದ ವೀಕ್ಷಣೆಗಳನ್ನು ತನ್ನ ಸಂಗೀತ ಪಟ್ಟಿಯ ಲೆಕ್ಕದಿಂದ ಕೈಬಿಟ್ಟಿತು.

ಪಟ್ಟಿ ಓದುವಾಗ ಮೊದಲು ಅವಧಿ ನೋಡಬೇಕು. ಡಿಸೆಂಬರ್ ಆರಂಭದಲ್ಲೇ ಹೊರಬೀಳುವ ಪಟ್ಟಿಯಲ್ಲಿ ಆ ತಿಂಗಳ ಹಾಡುಗಳ ಓಟ ಇರಲಾರದು, ಕ್ರಿಸ್‌ಮಸ್ ಹೊತ್ತಿನ ಸಿನಿಮಾಗಳ ಹಾಡು ಎರಡು ವರ್ಷಕ್ಕೆ ಹರಿದು ಹಂಚಿಹೋಗುತ್ತದೆ. ಎರಡನೆಯದು ವ್ಯಾಪ್ತಿ. ದೇಶದ ಪಟ್ಟಿಯಲ್ಲಿ ಪೆರ್ಲದಲ್ಲಿ ಕೇಳಿದ ಕನ್ನಡ ಹಾಡೂ ಒಂದು ಲೆಕ್ಕವೇ, ಆದರೆ ಅದು ಸೆಣಸಬೇಕಾದದ್ದು ಹಿಂದಿ ಕೇಳುವ ಕೋಟಿಗಳ ಎದುರು. ರಾಜ್ಯವಾರು ವಿಂಗಡಿಸಿದರೆ ಅದು ಕೇರಳದ ಖಾತೆಗೆ ಹೋಗಿ ಮಲಯಾಳದ ರಾಶಿಯಲ್ಲಿ ಮುಳುಗುತ್ತದೆ. ಗಡಿಯ ಕೇಳುಗನ ಹಾಡಿಗೆ ಮೇಲೇರುವ ಅವಕಾಶ ಇರುವುದು ಭಾಷಾವಾರು ಪಟ್ಟಿಯಲ್ಲಿ ಮಾತ್ರ.