ಗುಂಡು ನಳಿಕೆಯಲ್ಲಿರುವ ಆ ಒಂದು ಮಿಲಿಸೆಕೆಂಡ್

ಅರೆಸ್ವಯಂಚಾಲಿತ ರೈಫಲ್ಲಿನಲ್ಲಿ, ಅಂದರೆ ಒಂದು ಗುಂಡು ಹಾರಿದೊಡನೆ ಮುಂದಿನ ತೋಟಾವನ್ನು ತಾನೇ ತುಂಬಿಕೊಳ್ಳುವ ರೈಫಲ್ಲಿನಲ್ಲಿ, ಬೋಲ್ಟ್ (ನಳಿಕೆಯ ಬುಡವನ್ನು ಮುಚ್ಚುವ ಲೋಹದ ತುಂಡು) ರಭಸದಿಂದ ಹಿಂದಕ್ಕೆ ಬಡಿಯುತ್ತದೆ, ಅದಕ್ಕೇ ಗುರಿ ತಪ್ಪುತ್ತದೆ ಎಂಬ ಮಾತಿದೆ. ಲೆಕ್ಕ ಹಾಕಿದರೆ ಅದು ನಿಲ್ಲುವುದಿಲ್ಲ.

ಅಮೆರಿಕದ ಸೇನೆ 1936ರಲ್ಲಿ ಒಪ್ಪಿಕೊಂಡ ಎಂ1 ಗ್ಯಾರಂಡ್ ರೈಫಲ್ಲನ್ನೇ ನೋಡಿ. ನಳಿಕೆಯ ಉದ್ದ 61 ಸೆಂ.ಮೀ. ತೀರ ಮೊದಲಿನ ಮಾದರಿಯನ್ನು ಬಿಟ್ಟರೆ, ಅನಿಲದ ತೂತು ಇರುವುದು ನಳಿಕೆಯ ಬಾಯಿಗಿಂತ ಸುಮಾರು 4 ಸೆಂ.ಮೀ. ಹಿಂದೆ. ಗುಂಡು ಆ ತೂತನ್ನು ದಾಟಿದ ಮೇಲಷ್ಟೇ ಬಿಸಿ ಅನಿಲ ಪಿಸ್ಟನ್ ತಳ್ಳಲು ಶುರುಮಾಡುತ್ತದೆ; ಪಿಸ್ಟನ್ನಿನ ರಾಡ್ ಬೋಲ್ಟನ್ನು ಹಿಂದಕ್ಕೆ ದೂಡುತ್ತದೆ. ಸೆಕೆಂಡಿಗೆ 850 ಮೀಟರ್ ವೇಗದಲ್ಲಿ ಮಿಕ್ಕ ದಾರಿ ಸವೆಯಲು ಬೇಕಾಗುವುದು 0.05 ಮಿಲಿಸೆಕೆಂಡ್. ಬೋಲ್ಟ್ ಬೀಗ ಬಿಡುವಷ್ಟರಲ್ಲಿ ಗುಂಡು ಹೊರಗಿರುತ್ತದೆ.

ಹಾಗಾದರೆ ಗುರಿ ಕೆಡಿಸುವುದು ಯಾವುದು? ನಳಿಕೆಗೆ ನೇತುಹಾಕಿದ ಸಾಮಾನು. ಗುಂಡು ನಳಿಕೆಯೊಳಗಿರುವುದು ಮಿಲಿಸೆಕೆಂಡಿಗಿಂತ ತುಸು ಹೆಚ್ಚು ಹೊತ್ತು; ಅಷ್ಟರಲ್ಲೇ ನಳಿಕೆ ಮೀಟಿದ ತಂತಿಯಂತೆ ಕಂಪಿಸತೊಡಗಿರುತ್ತದೆ. ಕಂಪಿಸಲಿ ಬಿಡಿ, ಪ್ರತಿ ಸಲವೂ ಒಂದೇ ರೀತಿ ಕಂಪಿಸಿದರೆ ಸಾಕು. ಗ್ಯಾರಂಡಿನಲ್ಲಿ ಪಿಸ್ಟನ್ ಓಡಾಡುವ ಗ್ಯಾಸ್ ಸಿಲಿಂಡರ್, ಮರದ ಕವಚ, ಸ್ಪ್ರಿಂಗಿನ ಒತ್ತಡದಲ್ಲಿರುವ ಆ ರಾಡ್ ಎಲ್ಲವೂ ನಳಿಕೆಯನ್ನು ಮುಟ್ಟಿಕೊಂಡಿರುತ್ತವೆ. ಸಿಲಿಂಡರ್ ಸಡಿಲವಾಗಿದ್ದರೆ, ಬಿಸಿಗೆ ಮರ ಒತ್ತಿದರೆ, ಕಂಪನದ ಲಯ ಬದಲಾಗುತ್ತದೆ. ನಳಿಕೆಯ ಬಾಯಿ ಬರೀ 0.18 ಮಿ.ಮೀ. ವಾಲಿದರೂ 100 ಮೀಟರಿನಲ್ಲಿ ಗುಂಡು ಸುಮಾರು 3 ಸೆಂ.ಮೀ. ಆಚೆ ಬೀಳುತ್ತದೆ. ಸ್ಪರ್ಧೆಗೆ ಸಜ್ಜುಮಾಡುವವರು ಸಿಲಿಂಡರನ್ನು ಅಲುಗದಂತೆ ಬಿಗಿಗೊಳಿಸಿ, ರಾಡ್ ಎಲ್ಲೂ ಉಜ್ಜದಂತೆ ಮರ ಕೆತ್ತುವುದು ಈ ಕಾರಣಕ್ಕೇ. ನಿಧಾನವಾಗಿ ಉರಿಯುವ ಮದ್ದು ತುಂಬಿದ ತೋಟಾ ಇಲ್ಲಿ ಅಪಾಯ: ಗುಂಡು ಬಾಯಿಗೆ ಬರುವಾಗಲೂ ಒತ್ತಡ ಹೆಚ್ಚೇ ಉಳಿದು, ರಾಡ್ ಬಾಗುತ್ತದೆ. ಬಾಗಿದ ರಾಡ್ ಮರಕ್ಕೆ ಉಜ್ಜುತ್ತದೆ.

ಅಮೆರಿಕದ ಬಂದೂಕು ವಿನ್ಯಾಸಕ ಯೂಜೀನ್ ಸ್ಟೋನರ್ ತಮ್ಮ ಎಆರ್-15 ರೈಫಲ್ಲಿನಲ್ಲಿ ಪಿಸ್ಟನ್ ರಾಡನ್ನೇ ಕೈಬಿಟ್ಟರು. ತೆಳು ಕೊಳವೆಯೊಂದು ಅನಿಲವನ್ನು ಬೋಲ್ಟ್ ಕ್ಯಾರಿಯರಿನ (ಬೋಲ್ಟನ್ನು ಹೊತ್ತು ಓಡಾಡುವ ಭಾಗದ) ಒಳಗೇ ಒಯ್ಯುತ್ತದೆ. ತಳ್ಳುವ ಬಲ ನಳಿಕೆಯ ನೇರಕ್ಕೇ ಬೀಳುತ್ತದೆ. 20 ಇಂಚಿನ ನಳಿಕೆಯಲ್ಲಿ ತೂತಿನಿಂದ ಬಾಯಿಗೆ ಸುಮಾರು 18 ಸೆಂ.ಮೀ., ಅಂದರೆ 0.2 ಮಿಲಿಸೆಕೆಂಡ್. ಗ್ಯಾರಂಡಿನ ನಾಲ್ಕು ಪಟ್ಟು! ಆದರೂ ನಿಖರತೆಯಲ್ಲಿ ಇದೇ ಮುಂದೆ. ಏಕೆಂದರೆ ಮುಂದಿನ ಕೈಯಲ್ಲಿ ಹಿಡಿಯುವ ಕೊಳವೆಯನ್ನು ರಿಸೀವರಿಗೆ (ಬೋಲ್ಟ್ ಓಡಾಡುವ ರೈಫಲ್ಲಿನ ಒಡಲಿಗೆ) ಮಾತ್ರ ಬಿಗಿದು, ನಳಿಕೆಯನ್ನು ಮುಕ್ತವಾಗಿ ಬಿಡಲು ಬರುತ್ತದೆ. ಬೋಲ್ಟಿನ ಹಲ್ಲುಗಳೂ ನಳಿಕೆಯ ಬುಡಕ್ಕೇ ಕಚ್ಚಿಕೊಳ್ಳುತ್ತವೆ. ಭಾರತೀಯ ಸೇನೆಯ ಹಳೆಯ ಎಸ್‌ಎಲ್‌ಆರ್‌ (ಸೆಲ್ಫ್ ಲೋಡಿಂಗ್ ರೈಫಲ್) ಬಂದೂಕಿನಲ್ಲಿ ಹಾಗಲ್ಲ: ಬೋಲ್ಟ್ ಹಿಂಭಾಗ ತಗ್ಗಿ ರಿಸೀವರಿಗೆ ಆನಿಕೊಳ್ಳುತ್ತದೆ, ಹೊಡೆತದ ಎಳೆತವನ್ನು ಇಡೀ ರಿಸೀವರ್ ತಾಳಬೇಕು. ಎಆರ್‌ಗೂ ಬೆಲೆ ತೆರಬೇಕಿದೆ. ಮಸಿಯೆಲ್ಲ ಬೋಲ್ಟಿಗೇ ಮೆತ್ತುತ್ತದೆ. ಅದೇ ರೈಫಲ್ಲಿಗೆ ಪಿಸ್ಟನ್ ಜೋಡಿಸಿದರೆ ತಳ್ಳುವಿಕೆ ಮೇಲಂಚಿಗೆ ಬಿದ್ದು ಕ್ಯಾರಿಯರ್ ವಾಲುವ ಹೊಸ ತಾಪತ್ರಯ.

ಇನ್ನೊಂದು ದೋಷವನ್ನು ಬಹಳ ಮಂದಿ ತಮ್ಮ ಕೈಯದೆಂದೇ ತಿಳಿಯುತ್ತಾರೆ. ಮೊದಲ ತೋಟಾ ಕೈಯಿಂದ ಒಳಹೋಗುತ್ತದೆ, ಉಳಿದವು ಯಂತ್ರದ ರಭಸದಿಂದ. ಬೋಲ್ಟ್ ಕೂರುವ ರೀತಿಯಲ್ಲಿ ಕೂದಲೆಳೆಯ ವ್ಯತ್ಯಾಸ ಬಂದರೂ ಮೊದಲ ಗುಂಡು ಉಳಿದ ಗುಂಡುಗಳ ಗುಂಪಿನಿಂದ ದೂರ ಬೀಳಬಹುದು. ಬೋಲ್ಟನ್ನು ಕೈಯಲ್ಲಿ ಹಿಡಿದು ಮೆಲ್ಲಗೆ ಮುಚ್ಚದೆ, ಪೂರ್ತಿ ಎಳೆದು ಸ್ಪ್ರಿಂಗಿನ ಬಲಕ್ಕೇ ಬಿಟ್ಟುಬಿಡಿ. ಅನುಮಾನವಿದ್ದರೆ ಐದೈದು ಗುಂಡುಗಳ ನಾಲ್ಕು ಸರದಿ ಹಾರಿಸಿ, ನಡುವೆ ನಳಿಕೆ ತಣಿಯಲು ಬಿಟ್ಟು, ಪ್ರತಿ ಸರದಿಯ ಮೊದಲ ಗುಂಡನ್ನು ಬೇರೆ ಬಣ್ಣದಲ್ಲಿ ಗುರುತಿಸಿ. ಆ ನಾಲ್ಕೂ ಒಂದೇ ಮಗ್ಗುಲಿಗೆ ಬಿದ್ದಿದ್ದರೆ ಮೊದಲು ನೋಡಬೇಕಾದ್ದು ತೋಟಾ ತುಂಬುವ ಕ್ರಮವನ್ನು, ಆಮೇಲೆ ತಣ್ಣನೆಯ ನಳಿಕೆಯನ್ನು.