ಎಬ್ಬಿಸಲು ಹೋದ ಮೆಡಿಕ್ಕೇ ಬೀಳುವುದೇಕೆ?

ಪ್ರಶ್ನೆ: ಹೆಲ್ ಲೆಟ್ ಲೂಸ್ ಎಂಬ ಎರಡನೇ ಮಹಾಯುದ್ಧದ ಆನ್‌ಲೈನ್ ಶೂಟಿಂಗ್ ಆಟದಲ್ಲಿ ನಾನು ಯಾವಾಗಲೂ ಮೆಡಿಕ್, ಅಂದರೆ ಗುಂಡು ತಿಂದು ಬಿದ್ದವರನ್ನು ಎಬ್ಬಿಸುವವನು. ಯಾರಾದರೂ ಬಿದ್ದ ಕೂಡಲೇ ಓಡುತ್ತೇನೆ. ಹತ್ತರಲ್ಲಿ ಏಳೆಂಟು ಸಲ ಅವನ ಪಕ್ಕದಲ್ಲೇ ನಾನೂ ಬೀಳುತ್ತೇನೆ. ಎಲ್ಲಿ ತಪ್ಪುತ್ತಿದೆ? (ಮಂಡ್ಯದ ಓದುಗರೊಬ್ಬರು)

ಉತ್ತರ: ತಪ್ಪಿರುವುದು ಆ 'ಕೂಡಲೇ'ಯಲ್ಲಿ. ನಿಮ್ಮ ಗೆಳೆಯನನ್ನು ಹೊಡೆದವನು ಅದೇ ಜಾಗಕ್ಕೆ ಗುರಿಯಿಟ್ಟು ಇನ್ನೂ ಕೂತಿರುತ್ತಾನೆ. ಈ ಆಟದಲ್ಲಿ ಬೋಲ್ಟ್ ರೈಫಲ್‌ನ ಒಂದು ಗುಂಡು ಎದೆಗೆ ಬಿದ್ದರೆ ಮುಗಿಯಿತು. ಬಿದ್ದವನನ್ನು ಎಬ್ಬಿಸಲು ಮಾರ್ಫಿನ್ ಚುಚ್ಚುವಷ್ಟು ಹೊತ್ತು ನೀವು ಕದಲುವ ಹಾಗಿಲ್ಲ. ಹೊಡೆದವನಿಗೆ ಬೇಕಾದದ್ದೂ ಅದೇ.

ಗುಂಡು ಬಂದದ್ದು ಎಲ್ಲಿಂದ ಅಂತ ಮೊದಲು ಬಿದ್ದವನನ್ನೇ ಕೇಳಿ. ನಮ್ಮ ಕಡೆಯ ಹುಡುಗರು ಸ್ಕ್ವಾಡ್ ಕಟ್ಟಿಕೊಂಡು ಆಡುವಾಗ ಮೈಕಿನಲ್ಲಿ ಕೇಳುವುದು "ಬಿದ್ದೆ ಕಣ್ಲಾ, ಬಾರ್ಲಾ ಬೇಗ" ಅಂತ. ಮೆಡಿಕ್‌ಗೆ ಅದರಿಂದ ಏನೂ ಗೊತ್ತಾಗಲ್ಲ. "ಚರ್ಚ್ ಪಕ್ಕದ ಮನೆ, ಮೇಲಿನ ಕಿಟಕಿ, ಮಷಿನ್ ಗನ್" ಎಂದು ಹೇಳುವುದನ್ನು ರೂಢಿ ಮಾಡಿಸಿ.

ಆಮೇಲೆ ಸ್ಮೋಕ್, ಅಂದರೆ ಹೊಗೆ ಗ್ರೆನೇಡ್. ಹೆಚ್ಚಿನವರು ಕೆಡಿಸಿಕೊಳ್ಳುವುದು ಇಲ್ಲೇ. ಬಿದ್ದವನ ಮೈಮೇಲೇ ಎಸೆದರೆ, ಹೊಗೆ ಎದ್ದ ಕಡೆ ಮೆಡಿಕ್ ಇದ್ದಾನೆ ಎಂದು ನೀವೇ ತೋರಿಸಿಕೊಟ್ಟ ಹಾಗೆ. ಎದುರಿನವನು ನೋಡದೆಯೇ ಆ ಹೊಗೆಯೊಳಕ್ಕೆ ಗುಂಡು ಸುರಿಸುತ್ತಾನೆ, ಒಂದಾದರೂ ತಗಲುತ್ತದೆ. ಅವನಿಗೂ ಬಿದ್ದವನಿಗೂ ನಡುವೆ, ಬಿದ್ದವನಿಂದ ಹತ್ತು ಹದಿನೈದು ಮೀಟರ್ ಆಚೆಗೆ ಬೀಳುವಂತೆ ಎಸೆಯಿರಿ. ಎಸೆದ ಮೇಲೆ ಕಾಯಿರಿ. ಆಲೆಮನೆ ಒಲೆಗೆ ಬೆಂಕಿ ಹಾಕಿದಾಗ ಹೊಗೆ ಮೊದಲು ತೆಳ್ಳಗೆ ಎದ್ದು ಆಮೇಲಷ್ಟೇ ಕವಿದುಕೊಳ್ಳುತ್ತದಲ್ಲ, ಇದೂ ಹಾಗೇ. ಆ ಕಿಟಕಿ ನಿಮಗೇ ಕಾಣದಾದಾಗ ಹೊರಡಿ, ಕೊನೆಯ ಕೆಲವು ಗಜ ತೆವಳಿಕೊಂಡು ಹೋಗಿ.

ಬಿದ್ದವರೆಲ್ಲರ ಹತ್ತಿರ ಹೋಗಲೇಬೇಕೆಂದಿಲ್ಲ. ತಲೆಗೆ ಗುಂಡು ಬಿದ್ದು ಸತ್ತವನನ್ನು ಎಬ್ಬಿಸಲು ಆಗುವುದಿಲ್ಲ. ಬರೀ ರಕ್ತ ಸೋರುತ್ತಿದ್ದರೆ ಅವನ ಬಳಿಯೇ ಬ್ಯಾಂಡೇಜ್ ಇರುತ್ತದೆ, ಕಟ್ಟಿಕೊಳ್ಳಲಿ. ಸತ್ತವರು ಮತ್ತೆ ಹುಟ್ಟಿಬರುವ ಸ್ಕ್ವಾಡ್‌ನ ಜಾಗವಾದ ಔಟ್‌ಪೋಸ್ಟ್ ಹತ್ತಿರದಲ್ಲಿದ್ದರೆ ಅಲ್ಲಿಂದಲೇ ಮತ್ತೆ ಬರುವುದು ಬೇಗ. ಆದರೆ ಔಟ್‌ಪೋಸ್ಟ್ ನಾಶವಾಗಿ, ಇಡೀ ತಂಡ ಹುಟ್ಟಿಬರುವ ಗ್ಯಾರಿಸನ್ ದೂರ ಇದ್ದಾಗ ಲೆಕ್ಕವೇ ಬೇರೆ. ಆರು ಜನರ ಸ್ಕ್ವಾಡ್‌ನಲ್ಲಿ ಎಬ್ಬಿಸಬಲ್ಲವರು ನೀವೊಬ್ಬರೇ. ಆಗ ಬಂದೂಕು ಮರೆತುಬಿಡಿ, ಬದುಕಿರುವುದೇ ನಿಮ್ಮ ಕೆಲಸ.

ಹೋಗುತ್ತೀರೋ ಇಲ್ಲವೋ, ಬಾಯಿಬಿಟ್ಟು ಹೇಳಿ. "ಬರ್ತಿದ್ದೀನಿ" ಅಂದರೆ ಅವನು ಕಾಯುತ್ತಾನೆ. ಹೇಳದಿದ್ದರೆ ನೀವು ಅರ್ಧ ದಾರಿಯಲ್ಲಿರುವಾಗಲೇ ಕೈಬಿಟ್ಟು ಬೇರೆ ಕಡೆ ಹುಟ್ಟಿಕೊಳ್ಳುತ್ತಾನೆ, ಸ್ಮೋಕ್ ದಂಡ. "ಬರಕ್ಕಾಗಲ್ಲ" ಅನ್ನುವುದಕ್ಕೂ ಸಂಕೋಚ ಬೇಡ.

ಮಾರ್ಫಿನ್ ಚುಚ್ಚಿದರೆ ಮನುಷ್ಯ ಎದ್ದು ಓಡುವುದು ಆಟದಲ್ಲಿ ಮಾತ್ರ. ಎರಡನೇ ಮಹಾಯುದ್ಧದಲ್ಲಿ ಅದು ನೋವು ತಡೆಯಲು ಕೊಡುತ್ತಿದ್ದ ಮದ್ದು, ಹೆಚ್ಚಾದರೆ ಉಸಿರೇ ನಿಲ್ಲುತ್ತಿತ್ತು. ಮುಂದಿನ ವೈದ್ಯರು ಗೊತ್ತಿಲ್ಲದೆ ಇನ್ನೊಮ್ಮೆ ಕೊಡದಿರಲಿ ಎಂದು, ಅಮೆರಿಕದ ಮೆಡಿಕ್‌ಗಳು ಖಾಲಿಯಾದ ಪುಟ್ಟ ಟ್ಯೂಬನ್ನು ಗಾಯಾಳುವಿನ ಕಾಲರ್‌ಗೆ ಸಿಕ್ಕಿಸಿಡುತ್ತಿದ್ದರು.

ಇನ್ನು, ಎದ್ದವನು ಮಾಡುವ ತಪ್ಪು. ಎದ್ದ ಕೂಡಲೇ ಸೇಡು ತೀರಿಸಿಕೊಳ್ಳಲು ಅಲ್ಲೇ ನಿಂತು ಗುರಿ ಹಿಡಿಯುತ್ತಾನೆ, ಹೊಗೆ ತಿಳಿಯಾಗುತ್ತಿದ್ದಂತೆ ಇಬ್ಬರಿಗೂ ಗುಂಡು. ಮಾರ್ಫಿನ್ ಕೊಡುವಾಗಲೇ "ಎದ್ದ ಮೇಲೆ ನನ್ನ ಹಿಂದೆ ಬಾ, ಗುಂಡು ಹಾರಿಸಬೇಡ" ಎಂದು ಹೇಳಿ, ನೀವು ಬಂದ ದಾರಿಯಲ್ಲೇ ಬೇಲಿಯ ಹಿಂದಕ್ಕೆ ಕರೆತನ್ನಿ.